ಹಲ್ಲು ಎಣಿಸದೆ ಹೌಸಿಂಗ್ ಕೊಳ್ಳಬೇಡಿ

ಮಲೆನಾಡು, ಕೊಡಗುಗಳಲ್ಲಿ ಹಳೆಯ ಜೀಪುಗಳನ್ನು ಮತ್ತೆ ಕಟ್ಟುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಜೀಪು ಗೆಳೆಯರೇ, ಮೆಕ್ಯಾನಿಕ್ ಅಣ್ಣಂದಿರೇ, ಗುಜರಿ ಅಂಗಡಿಗಳ ಯಜಮಾನರೇ,

ಸಕಲೇಶಪುರದಿಂದ ಸೋಮವಾರಪೇಟೆಯವರೆಗೆ, ಕೊಪ್ಪದಿಂದ ಕೊಲ್ಲೂರಿನವರೆಗೆ, ತೋಟದ ಶೆಡ್ಡುಗಳಲ್ಲಿ ವರ್ಷಗಟ್ಟಲೆ ನಿಂತಿದ್ದ ಜೀಪುಗಳು ಮತ್ತೆ ಎದ್ದು ರಸ್ತೆಗೆ ಬರುತ್ತಿವೆ. ತಾತ ಕೊಂಡ ಗಾಡಿಯನ್ನು ಮೊಮ್ಮಗ ಬಿಚ್ಚಿ ಕಟ್ಟಿಸುತ್ತಿದ್ದಾನೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಈ ಕೆಲಸದಲ್ಲಿ ಬಾಡಿಗೆ, ಬಣ್ಣಕ್ಕೆ, ಟೈರಿಗೆ ಸಿಗುವ ಗಮನ ಹಿಂದಿನ ಆಕ್ಸಲ್‌ನ ಹೌಸಿಂಗ್‌ಗೆ ಸಿಗುತ್ತಿಲ್ಲ. ಕ್ರೌನ್-ಪಿನಿಯನ್‌ನ ಹಲ್ಲು ಮುರಿದರೆ ‘ಅದೇ ಮಾಡೆಲ್‌ದು ಇನ್ನೊಂದು ತನ್ನಿ’ ಎಂದು ಹೇಳಿ ಕಳಿಸುತ್ತಾರೆ. ಹೋದವರು ಗುಜರಿಯಲ್ಲಿ ತೋರಿಸಿದ್ದನ್ನು ಪಿಕಪ್‌ಗೆ ಹೇರಿಕೊಂಡು ಬರುತ್ತಾರೆ. ಬೋಲ್ಟ್ ಕೂತಿತೆಂದರೆ ಕೆಲಸ ಮುಗಿಯಿತು.

ಬೋಲ್ಟ್ ಕೂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ಹೌಸಿಂಗ್‌ನ ಒಳಗಿರುವ ಲೆಕ್ಕ ಸರಳವಾದದ್ದು. ಎಂಜಿನ್ನಿನ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಪಿನಿಯನ್ ಇದೆ. ಅದು ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಕ್ರೌನ್ ಚಕ್ರಗಳನ್ನು ತಿರುಗಿಸುತ್ತದೆ. ಕ್ರೌನ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ರೇಶಿಯೋ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಮತ್ತು ಅದರ ಅವಳಿಯಾದ ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳಲ್ಲಿ ಕ್ರೌನ್‌ಗೆ 39 ಹಲ್ಲು, ಪಿನಿಯನ್‌ಗೆ 8. ಭಾಗಿಸಿದರೆ 4.875, ಎಲ್ಲರೂ 4.88 ಎನ್ನುತ್ತಾರೆ. ಯುದ್ಧ ಮುಗಿದು ಹೊಲ-ತೋಟದ ಕೆಲಸಕ್ಕೆಂದು ಬಂದ ಸಿಜೆ-2ಎ, ಆಮೇಲಿನ ಸಿಜೆ-3ಎ, ಸಿಜೆ-3ಬಿಗಳಲ್ಲಿ 43 ಮತ್ತು 8, ಅಂದರೆ 5.38. ಯುದ್ಧಭೂಮಿಯ ಜೀಪಿಗೆ ಓಟವೂ ಬೇಕಿತ್ತು. ನೇಗಿಲು, ಟ್ರೇಲರ್ ಎಳೆಯಬೇಕಾದ ಜೀಪಿಗೆ ಎಳೆತ ಮುಖ್ಯವಾಯಿತು. ಆ ವ್ಯತ್ಯಾಸವೆಲ್ಲ ಕ್ರೌನ್‌ನ ನಾಲ್ಕು ಹಲ್ಲುಗಳಲ್ಲಿ ಅಡಗಿದೆ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಅಮೆರಿಕದಲ್ಲಿ ಸಿಜೆ-3ಬಿಯ ತಯಾರಿಕೆ 1968ರಲ್ಲಿ ನಿಂತ ಮೇಲೂ ಇಲ್ಲಿ ಅದರ ವಂಶ ದಶಕಗಳ ಕಾಲ ಮುಂದುವರಿಯಿತು. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು, ಎಂಎಂ 540ಯಲ್ಲಿ ಪ್ಯೂಜೋ ಮೂಲದ 2112 ಸಿಸಿ ಎಂಜಿನ್ ಬಂತು, ಗೇರ್‌ಬಾಕ್ಸ್ ಬದಲಾಯಿತು, ಕ್ರೌನ್-ಪಿನಿಯನ್ ಕೂಡ ಬದಲಾಗುತ್ತ ಹೋಯಿತು. ಹೀಗಾಗಿ ಹೊರಗಿನಿಂದ ನೋಡಿದರೆ ಅಣ್ಣ-ತಮ್ಮಂದಿರಂತೆ ಕಾಣುವ ಎರಡು ಹೌಸಿಂಗ್‌ಗಳ ಹೊಟ್ಟೆಯೊಳಗೆ ಬೇರೆ ಬೇರೆ ರೇಶಿಯೋ ಇರುವುದು ಏನೂ ವಿಚಿತ್ರವಲ್ಲ. ಇದಕ್ಕೆ ಇನ್ನೊಂದು ಸತ್ಯ ಸೇರಿಸಿಕೊಳ್ಳಿ: ನಲವತ್ತು ವರ್ಷ ಕಾಡು-ಮೇಡು ತಿರುಗಿದ ಜೀಪಿನ ಕೆಳಗೆ ಇವತ್ತಿರುವ ಹೌಸಿಂಗ್ ಕಾರ್ಖಾನೆಯಿಂದ ಬಂದದ್ದೇ ಎಂದು ಆರ್‌ಸಿ ಪುಸ್ತಕವೂ ಹೇಳಲಾರದು, ಮಾರುವವರೂ ಹೇಳಲಾರರು. ಎಲ್ಲೋ ಒಂದು ಮಳೆಗಾಲದಲ್ಲಿ, ಯಾವುದೋ ಘಾಟಿಯಲ್ಲಿ ಮುರಿದಾಗ, ಕೈಗೆ ಸಿಕ್ಕಿದ್ದನ್ನು ಹಾಕಿ ಗಾಡಿಯನ್ನು ಮನೆ ಮುಟ್ಟಿಸಿರುತ್ತಾರೆ. ಅಂಥ ಗಾಡಿಯೇ ಮುಂದೆ ಇನ್ನೊಂದು ಜೀಪಿಗೆ ಅಂಗದಾನ ಮಾಡುತ್ತದೆ. ಆದ್ದರಿಂದ ‘ಇದು 540ದು’, ‘ಇದು ಮಿಲಿಟರಿ ಜೀಪಿಂದು’ ಎಂಬ ಮಾತನ್ನು ಬೆಲೆ ಮಾತಾಡುವಾಗ ಕೇಳಿಸಿಕೊಳ್ಳಿ, ರೇಶಿಯೋ ವಿಷಯದಲ್ಲಿ ನಂಬಬೇಡಿ.

ಅಮೆರಿಕದಲ್ಲಿ ಜೀಪು ಕಟ್ಟುವವರಿಗೆ ಈ ಕೆಲಸ ತುಸು ಸುಲಭ. ಅವರು ಬಹಳವಾಗಿ ಹುಡುಕುವ ದಾನಿಗಳಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಒಂದು. ಅದರ ಹಿಂದಿನ ಆಕ್ಸಲ್‌ನ ಕ್ರೌನ್ ವ್ಯಾಸ 8.8 ಇಂಚು. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಹೌಸಿಂಗ್ ಕವರಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಮೇಲೆ ‘3ಎಲ್73’ ಎಂದು ಕೊರೆದಿದ್ದರೆ ರೇಶಿಯೋ 3.73, ನಡುವಿನ ‘ಎಲ್’ ಲಿಮಿಟೆಡ್ ಸ್ಲಿಪ್‌ನ ಗುರುತು. ಜನರಲ್ ಮೋಟರ್ಸ್ ಗಾಡಿಗಳಲ್ಲೂ ಹೀಗೆಯೇ ಮೂರಕ್ಷರದ ಕೋಡ್‌ಗಳಿವೆ: ಜಿಯು6 ಎಂದರೆ 3.42, ಜಿಟಿ4 ಎಂದರೆ 3.73. ಆದರೂ ಅಲ್ಲಿನ ಅನುಭವಿಗಳು ಕವರ್ ಬಿಚ್ಚಿ ಹಲ್ಲು ನೋಡಿಯೇ ಹಣ ಎಣಿಸುತ್ತಾರೆ. ಸ್ಟಿಕ್ಕರ್ ಹೇಳುವುದು ಗಾಡಿ ಕಾರ್ಖಾನೆಯಿಂದ ಹೊರಟ ದಿನದ ಕಥೆಯನ್ನಷ್ಟೇ. ನಮ್ಮ ಹಳೆಯ ಜೀಪುಗಳ ಬಾಗಿಲಿನಲ್ಲಿ ಸ್ಟಿಕ್ಕರ್ ಹುಡುಕುವ ಮಾತೇ ಇಲ್ಲ, ಬಾಗಿಲೇ ಇರುವುದಿಲ್ಲ. ಕವರಿನ ಬೋಲ್ಟಿನಲ್ಲಿ ಎಂದೋ ಇದ್ದ ತಗಡು ಉದುರಿಹೋಗಿರುತ್ತದೆ, ಇಲ್ಲವೇ ಇನ್ನೊಂದು ಹೌಸಿಂಗ್‌ನ ಕವರ್ ಜೊತೆಗೆ ಬಂದು ಸೇರಿರುತ್ತದೆ. ಎಣಿಸುವುದೊಂದೇ ದಾರಿ.

ಎಣಿಸುವ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ವಿಲ್ಲೀಸ್ ವಂಶದ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ. ಅದರ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿದಿರಿ ಎನ್ನಿ. ಶಾಫ್ಟ್ ಬಿಗಿಯಾಗಿ ನಿಂತಿದ್ದರೂ ನೆಲದಲ್ಲಿರುವ ಚಕ್ರ ಉರುಳಬಲ್ಲದು, ಏಕೆಂದರೆ ಮೇಲಿರುವ ಚಕ್ರ, ಎರಡೂ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಮೂಲಕ ಉಲ್ಟಾ ತಿರುಗಿ ಅದಕ್ಕೆ ದಾರಿ ಮಾಡಿಕೊಡುತ್ತದೆ. ‘ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ’ ಎಂಬ ಧೈರ್ಯದಲ್ಲಿ ಗಾಡಿಯ ಕೆಳಗೆ ತೂರಿದರೆ ಪ್ರಾಣಕ್ಕೆ ಅಪಾಯ. ಎಣಿಕೆಗೆ ಶಾಫ್ಟ್ ತಿರುಗಲೇಬೇಕಾದ್ದರಿಂದ ಆ ಬ್ರೇಕನ್ನು ಬಿಡಲೇಬೇಕು. ಹಾಗಾಗಿ ಸಮತಟ್ಟಾದ ಗಟ್ಟಿ ನೆಲ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ-ಮುಂದೆ ಕಲ್ಲು ಅಥವಾ ಮರದ ತುಂಡು, ಆಕ್ಸಲ್‌ನ ಕೆಳಗೆ ಬಲವಾದ ಸ್ಟ್ಯಾಂಡ್. ಇವಿಲ್ಲದೆ ಶುರು ಮಾಡಬೇಡಿ.

ಈಗ ಎಣಿಕೆ. ಹಿಂದಿನ ಎರಡೂ ಚಕ್ರ ಮೇಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಪಿನಿಯನ್ ಫ್ಲೇಂಜ್ ಮೇಲೆ ಸೀಮೆಸುಣ್ಣದ ಒಂದು ಗೆರೆ, ಅದರ ಎದುರಿಗೆ ಹೌಸಿಂಗ್ ಮೇಲೆ ಇನ್ನೊಂದು. ಟೈರಿನ ಮೇಲೊಂದು, ಅದರ ಎದುರು ನೆಲದಲ್ಲೊಂದು. ಒಂದು ಚಕ್ರವನ್ನು ಒಬ್ಬರು ಅಲುಗದಂತೆ ಗಟ್ಟಿಯಾಗಿ ಹಿಡಿದಿರಲಿ. ಇನ್ನೊಂದು ಚಕ್ರವನ್ನು ನಿಧಾನವಾಗಿ ತಿರುಗಿಸಿ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಕಡೆ ನಿಂತಿದ್ದರೆ ಇನ್ನೊಂದು ಕಡೆಯ ಚಕ್ರ ಎರಡು ಸುತ್ತು ಬಂದಾಗ ಕ್ರೌನ್ ಒಂದೇ ಸುತ್ತು ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ. ಚಕ್ರ ಒಂದು ಸುತ್ತು ಬಂದಾಗ ಶಾಫ್ಟ್ ಎರಡೂವರೆ ಸುತ್ತು ಬಂತು, ಹಾಗಾದರೆ ರೇಶಿಯೋ 2.5 ಎಂದು ಬರೆದುಕೊಂಡುಬಿಡುತ್ತಾರೆ. ಅದನ್ನು ಇಮ್ಮಡಿ ಮಾಡಬೇಕು.

ಎರಡೇ ಸುತ್ತಿಗೆ ನಿಲ್ಲಿಸಿದರೆ ಐದಕ್ಕೆ ತುಸು ಕಡಿಮೆಯೋ, ಐದು ಮತ್ತು ಸ್ವಲ್ಪವೋ ಎಂಬ ಅಂದಾಜಷ್ಟೇ ಸಿಗುತ್ತದೆ. ಹಳೆಯ ಹೌಸಿಂಗ್‌ಗಳಲ್ಲಿ ಹಲ್ಲುಗಳ ನಡುವಿನ ಪ್ಲೇ ಬೇರೆ ಇರುತ್ತದೆ. ಆದ್ದರಿಂದ 16 ಸುತ್ತು ತಿರುಗಿಸಿ, ಉದ್ದಕ್ಕೂ ಒಂದೇ ದಿಕ್ಕಿನಲ್ಲಿ. ಆಗ ಕ್ರೌನ್ ಸರಿಯಾಗಿ 8 ಸುತ್ತು ಬಂದಿರುತ್ತದೆ. ಪಿನಿಯನ್‌ಗೆ 8 ಹಲ್ಲಿದ್ದರೆ, ಫ್ಲೇಂಜಿನ ಗೆರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತೋ ಅಷ್ಟೇ ಕ್ರೌನ್‌ನ ಹಲ್ಲು. 39 ಸುತ್ತಾದರೆ 4.88, 43 ಸುತ್ತಾದರೆ 5.38. ಕವರ್ ಬಿಚ್ಚದೆಯೇ ಹಲ್ಲಿನ ಸಂಖ್ಯೆ ಸಿಕ್ಕಿತು. 16 ಸುತ್ತಿಗೆ ಗೆರೆಗಳು ಕೂಡಲಿಲ್ಲವಾದರೆ ಪಿನಿಯನ್ ಬೇರೆ. 22 ಸುತ್ತಿನವರೆಗೆ ಹೋಗಿ ನೋಡಿ. ಆಗ ಕೂಡಿದರೆ ಪಿನಿಯನ್‌ಗೆ 11 ಹಲ್ಲು. ಶಾಫ್ಟ್ 47 ಸುತ್ತಿದ್ದರೆ 4.27, 41 ಸುತ್ತಿದ್ದರೆ 3.73. ತಿರುಗಿಸುವವರು ಒಬ್ಬರು, ಎಣಿಸುವವರು ಇನ್ನೊಬ್ಬರು ಇರಲಿ. ಎರಡನ್ನೂ ಒಬ್ಬರೇ ಮಾಡಿದರೆ ಮೂವತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪುತ್ತದೆ.

ಒಂದು ಚಕ್ರ ತಿರುಗಿಸಿದಾಗ ಇನ್ನೊಂದನ್ನು ಹಿಡಿದು ನಿಲ್ಲಿಸಲಾಗದೆ ಅದೂ ಅದೇ ದಿಕ್ಕಿಗೆ ತಿರುಗಿದರೆ ಒಳಗೆ ಲಾಕರ್ ಅಥವಾ ಲಿಮಿಟೆಡ್ ಸ್ಲಿಪ್ ಇದೆ ಎಂದರ್ಥ. ಅಂಥ ಹೌಸಿಂಗ್‌ನಲ್ಲಿ ಎರಡೂ ಚಕ್ರ ಒಟ್ಟಿಗೆ ತಿರುಗುವುದರಿಂದ 8 ಸುತ್ತು ಸಾಕು.

ಗುಜರಿಯ ಅಂಗಳದಲ್ಲಿ ಬಿದ್ದಿರುವ ಹೌಸಿಂಗ್‌ಗೆ ಚಕ್ರವಿರುವುದಿಲ್ಲ, ಅದೇನೂ ಅಡ್ಡಿಯಲ್ಲ. ತುದಿಯ ಬ್ರೇಕ್ ಡ್ರಮ್ ಹಿಡಿದು ತಿರುಗಿಸಿದರಾಯಿತು. ಆದರೆ ಒಳಗಿನ ಆಕ್ಸಲ್ ಶಾಫ್ಟನ್ನು ಆಗಲೇ ಯಾರೋ ಎಳೆದುಕೊಂಡಿದ್ದರೆ ಈ ಎಣಿಕೆ ನಡೆಯದು. ಆಗ ಕವರ್ ಬಿಚ್ಚಲೇಬೇಕು. ನಿಜ ಹೇಳಬೇಕೆಂದರೆ ದುಡ್ಡು ಕೊಡುವ ಮುನ್ನ ಕವರ್ ಬಿಚ್ಚುವುದು ಯಾವತ್ತೂ ಒಳ್ಳೆಯದು. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಹಳ್ಳ ದಾಟುವ ಜೀಪುಗಳಲ್ಲಿ ಇದು ಸಾಮಾನ್ಯ. ಬೇರಿಂಗ್‌ಗಳು ತುಕ್ಕು ಹಿಡಿದಿರುತ್ತವೆ. ತಳದಲ್ಲಿ ಕಬ್ಬಿಣದ ಚೂರು ಹೊಳೆಯುತ್ತಿದ್ದರೆ ಆ ಹೌಸಿಂಗನ್ನು ಅಲ್ಲೇ ಬಿಟ್ಟು ಬನ್ನಿ. ಕ್ರೌನ್‌ನ ಅಂಚನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿ: ಬಹಳಷ್ಟು ಕ್ರೌನ್‌ಗಳ ಮೇಲೆ ‘43 8’ ಎಂಬಂತೆ ಹಲ್ಲಿನ ಸಂಖ್ಯೆಗಳನ್ನೇ ಕೊರೆದಿರುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಕಂಡರೆ ಅದನ್ನೂ ಬರೆದುಕೊಳ್ಳಿ. ಅದು ಜೋಡಿಯ ಸಂಖ್ಯೆ. ಪಿನಿಯನ್‌ನ ತಲೆಯ ಮೇಲೂ ಅದೇ ಇರಬೇಕು.

ಈ ಜೋಡಿಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹಣ ಉಳಿಸಲು ಒಳ್ಳೆಯ ಕ್ರೌನ್ ಒಂದು ಕಡೆಯಿಂದ, ಒಳ್ಳೆಯ ಪಿನಿಯನ್ ಇನ್ನೊಂದು ಕಡೆಯಿಂದ ತಂದು ಕೂಡಿಸುವ ಯೋಚನೆ ಮಾಡುವವರಿದ್ದಾರೆ. ಕ್ರೌನ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿಸಿ ಹೊಂದಿಸಿರುತ್ತಾರೆ. ಮೇಲಿನ ಜೋಡಿಗಳನ್ನು ಇನ್ನೊಮ್ಮೆ ನೋಡಿ: 39 ಮತ್ತು 8, 43 ಮತ್ತು 8, 47 ಮತ್ತು 11, 41 ಮತ್ತು 11. ಯಾವ ಜೋಡಿಗೂ ಒಂದನ್ನು ಬಿಟ್ಟರೆ ಸಾಮಾನ್ಯ ಭಾಜಕವಿಲ್ಲ. ಇದು ಆಕಸ್ಮಿಕವಲ್ಲ. ಹೀಗಿದ್ದಾಗ ಪಿನಿಯನ್‌ನ ಪ್ರತಿ ಹಲ್ಲೂ ಕ್ರೌನ್‌ನ ಪ್ರತಿ ಹಲ್ಲನ್ನೂ ಸರದಿಯಂತೆ ಭೇಟಿಯಾಗುತ್ತದೆ. ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಹೀಗೆ ವರ್ಷಗಟ್ಟಲೆ ಪರಸ್ಪರ ಸವೆದು ಕೂತ ಜೋಡಿಯನ್ನು ಒಡೆದು ಬೇರೆಯದರ ಜೊತೆ ಕೂಡಿಸಿದರೆ ಅದು ಮೊದಲ ಕಿಲೋಮೀಟರಿನಿಂದಲೇ ಕೂಗುತ್ತದೆ. ತಂದರೆ ಜೋಡಿಯನ್ನೇ ತನ್ನಿ.

ಜೋಡಿ ತಂದರೂ ಅದು ನಿಮ್ಮ ಹೌಸಿಂಗ್‌ನಲ್ಲಿ ಕೂರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಸಿಜೆ-3ಬಿಯ ಹಿಂದಿನ ಆಕ್ಸಲ್ ಡಾನಾ 44. ಅದರಲ್ಲಿ ಕ್ರೌನನ್ನು ಹೊರುವ ಕ್ಯಾರಿಯರ್ ಎರಡು ಬಗೆಯದಾಗಿರುತ್ತದೆ: 3.73 ಮತ್ತು ಅದಕ್ಕಿಂತ ಕಡಿಮೆ ಸಂಖ್ಯೆಗೆ ಒಂದು, 3.92 ಮತ್ತು ಮೇಲಿನದಕ್ಕೆ ಇನ್ನೊಂದು. ಪಿನಿಯನ್ ದಪ್ಪವಾದಷ್ಟೂ ಕ್ರೌನ್ ಅದರಿಂದ ದೂರ ಸರಿಯಬೇಕಾದ್ದೇ ಇದಕ್ಕೆ ಕಾರಣ. 5.38 ಇದ್ದ ಕ್ಯಾರಿಯರಿಗೆ 3.73ರ ಕ್ರೌನ್ ಕಟ್ಟಿದರೆ ಹಲ್ಲುಗಳು ಸರಿಯಾಗಿ ಕೂಡುವುದೇ ಇಲ್ಲ. ಹಾಗೆಯೇ ಆಕ್ಸಲ್ ಶಾಫ್ಟಿನ ತುದಿಯ ಸ್ಪ್ಲೈನ್‌ಗಳನ್ನೂ ಎಣಿಸಿ. 10 ಸ್ಪ್ಲೈನಿನ ಶಾಫ್ಟ್ 19ರ ಗೇರಿನೊಳಗೆ ಹೋಗದು. ಇಡೀ ಹೌಸಿಂಗನ್ನೇ ಬದಲಿಸುವವರು ಇನ್ನೊಂದನ್ನು ಗಮನಿಸಬೇಕು: ಹಳೆಯ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ ಇರುವ ಜೀಪುಗಳಲ್ಲಿ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳು ಬಲಗಡೆಗೆ ಸರಿದಿರುತ್ತವೆ. ನಟ್ಟ ನಡುವೆ ಡಿಫರೆನ್ಷಿಯಲ್ ಇರುವ ಆಕ್ಸಲ್ ತಂದರೆ ಶಾಫ್ಟ್ ಓರೆಯಾಗುತ್ತದೆ.

ಇನ್ನು ಯಾವ ರೇಶಿಯೋ ಸರಿ? ಎಲ್ಲರಿಗೂ ಒಂದೇ ಉತ್ತರವಿಲ್ಲ, ಆದರೆ ಲೆಕ್ಕ ಹಾಕಿ ತಿಳಿಯುವ ಉತ್ತರವಿದೆ. ಹಳೆಯ 6.00-16 ಟೈರು ಸುಮಾರು 28 ಇಂಚು ಎತ್ತರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 448 ಸುತ್ತು ತಿರುಗುತ್ತದೆ. ಆ ಜೀಪುಗಳ ಟಾಪ್ ಗೇರ್ ನೇರವಾದದ್ದು, ಹಾಗಾಗಿ ಎಂಜಿನ್ ತಿರುಗುವುದೂ ಶಾಫ್ಟ್ ತಿರುಗಿದಷ್ಟೇ. 5.38 ಇದ್ದರೆ ನಿಮಿಷಕ್ಕೆ ಸುಮಾರು 2,400 ಸುತ್ತು, 4.88 ಇದ್ದರೆ 2,180, 4.27 ಇದ್ದರೆ 1,910, 3.73 ಇದ್ದರೆ 1,670. ಹಾಸನದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿಬರುವವರಿಗೆ ಕೊನೆಯ ಎರಡು ಸಂಖ್ಯೆಗಳು ಹಿತವಾಗಿ ಕೇಳಿಸುತ್ತವೆ. ಎಂಜಿನ್ ಅರಚುವುದಿಲ್ಲ, ಡೀಸೆಲ್ ಉಳಿಯುತ್ತದೆ.

ಅದೇ ಜೀಪನ್ನು ಕೊಡಚಾದ್ರಿಯ ದಾರಿಗೆ ಒಯ್ಯಿರಿ. ಸಿಜೆ-3ಬಿಯ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಗೇರ್ 2.80, ಟ್ರಾನ್ಸ್‌ಫರ್ ಕೇಸಿನ ಲೋ 2.46. ಇವುಗಳಿಗೆ 5.38 ಗುಣಿಸಿದರೆ 37 ಬರುತ್ತದೆ: ಚಕ್ರ ಒಂದು ಸುತ್ತು ಬರಲು ಎಂಜಿನ್ 37 ಸುತ್ತು ದುಡಿಯುತ್ತದೆ. 4.27 ಹಾಕಿದರೆ ಇದು 29ರ ಹತ್ತಿರಕ್ಕೆ, 3.73 ಹಾಕಿದರೆ 26ರ ಒಳಕ್ಕೆ ಇಳಿಯುತ್ತದೆ. ಏರಿನಲ್ಲಿ ಕ್ಲಚ್ ಸುಡುತ್ತದೆ ಎಂಬುದಷ್ಟೇ ಇದರ ಫಲವಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆ ಹೇರಿಕೊಂಡು ಮಣ್ಣಿನ ಇಳಿಜಾರು ಇಳಿಯುವಾಗ ಗಾಡಿಯನ್ನು ತಡೆದು ನಿಲ್ಲಿಸುವುದು ಬ್ರೇಕಿಗಿಂತ ಹೆಚ್ಚಾಗಿ ಲೋ ಗೇರ್. ಆ ತಡೆ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದರೆ, ಒದ್ದೆಯಾದ ಹಳೆಯ ಡ್ರಮ್ ಬ್ರೇಕುಗಳ ಮೇಲೆ ಅಷ್ಟೂ ಭಾರ ಬೀಳುತ್ತದೆ. ಮಾಂದಲಪಟ್ಟಿಗೆ, ಕೊಡಚಾದ್ರಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳವರು ಸ್ಪೀಡಿನ ಆಸೆಗೆ ಕ್ರೌನ್ ಬದಲಿಸುವ ಮುನ್ನ ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳನ್ನು ನೆನೆಯಬೇಕು. ತೋಟ ಮತ್ತು ಬೆಟ್ಟವೇ ಬದುಕಾಗಿರುವ ಜೀಪಿಗೆ 5.38 ಅಥವಾ 4.88 ಇರಲಿ. ಹೆದ್ದಾರಿ ಬೇಕೇ ಬೇಕೆಂದರೆ, ಐದನೇ ಗೇರ್ ಓವರ್‌ಡ್ರೈವ್ ಆಗಿರುವ ಗೇರ್‌ಬಾಕ್ಸ್ ಹಾಕುವುದು ಮೇಲು. ಏರಿನ ಶಕ್ತಿ ಅಷ್ಟಾಗಿ ಕುಂದುವುದಿಲ್ಲ.

ಕ್ರೌನ್ ಬದಲಾದಾಗ ಸ್ಪೀಡೋಮೀಟರ್ ಕೂಡ ಸುಳ್ಳು ಹೇಳತೊಡಗುತ್ತದೆ, ಏಕೆಂದರೆ ಅದಕ್ಕೆ ಓಟ ಸಿಗುವುದು ಟ್ರಾನ್ಸ್‌ಫರ್ ಕೇಸಿನಿಂದ. 5.38ರ ಜಾಗದಲ್ಲಿ 4.27 ಕೂತರೆ, ಮುಳ್ಳು 60 ತೋರಿಸುವಾಗ ಜೀಪು ಓಡುತ್ತಿರುವುದು 75ರ ಮೇಲೆ.

ಎಲ್ಲಕ್ಕಿಂತ ದೊಡ್ಡ ಅನಾಹುತ ಮಾಡುವುದು ಫೋರ್ ವೀಲ್ ಜೀಪಿನಲ್ಲಿ ಹಿಂದಿನದನ್ನು ಮಾತ್ರ ಬದಲಿಸಿ ಮುಂದಿನದನ್ನು ಮರೆಯುವುದು. ಮುಂದೆ 5.38, ಹಿಂದೆ 4.88 ಇರುವ ಗಾಡಿಯನ್ನು ತೆಗೆದುಕೊಳ್ಳಿ. ಟೂ ವೀಲ್‌ನಲ್ಲಿ ಓಡುವಷ್ಟು ದಿನ ಏನೂ ತಿಳಿಯುವುದಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟ್‌ಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಈ ಜೀಪುಗಳಲ್ಲಿ ಅವುಗಳ ನಡುವೆ ಸಡಿಲ ಕೊಡಲು ಮೂರನೇ ಡಿಫರೆನ್ಷಿಯಲ್ ಇಲ್ಲ. ನೂರು ಮೀಟರ್ ಸಾಗಲು ಮುಂದಿನ ಶಾಫ್ಟ್ ಸುಮಾರು 240 ಸುತ್ತು ತಿರುಗಬೇಕು, ಹಿಂದಿನದು 218. ಆ 22 ಸುತ್ತು ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ ಟೈರು ಜಾರಿ ಅದನ್ನು ನುಂಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. ಗಟ್ಟಿ ನೆಲಕ್ಕೆ ಬಂದಾಗ ಗಾಡಿ ಹಿಡಿದಂತಾಗುತ್ತದೆ, ಫೋರ್ ವೀಲ್ ಲಿವರ್ ಹಿಂದಕ್ಕೆ ಬರಲೊಲ್ಲದು, ಟೈರು ಬೇಗ ಸವೆಯುತ್ತದೆ, ಕೊನೆಗೆ ಯೂನಿವರ್ಸಲ್ ಜಾಯಿಂಟೋ ಟ್ರಾನ್ಸ್‌ಫರ್ ಕೇಸಿನ ಗೇರೋ ಸೀಳುತ್ತದೆ. ಮುಂದಿನ ಆಕ್ಸಲನ್ನೂ ಇದೇ ರೀತಿ ಎಣಿಸಿ. ಫ್ರೀ ವೀಲ್ ಹಬ್ ಇದ್ದರೆ ಅವನ್ನು ಲಾಕ್ ಮಾಡಿಕೊಂಡು ಎಣಿಸಿ. ಹಲ್ಲಿನ ಸಂಖ್ಯೆ ಬೇರೆಯಾದರೂ ಭಾಗಲಬ್ಧ ಹತ್ತಿರವಿದ್ದರೆ ಚಿಂತೆಯಿಲ್ಲ: 41/10 ಎಂದರೆ 4.10, 37/9 ಎಂದರೆ 4.11, ಈ ಅಂತರವನ್ನು ಟೈರಿನ ಗಾಳಿಯ ವ್ಯತ್ಯಾಸವೇ ಮೀರಿಸುತ್ತದೆ. 4.88 ಮತ್ತು 5.38ರ ನಡುವಿನ ಶೇ. 10ರ ಅಂತರವನ್ನು ಯಾವುದೂ ಸರಿದೂಗಿಸದು.

ಇಷ್ಟೆಲ್ಲ ಹೇಳಿದ ಮೇಲೆ ಮೂರು ಕೋರಿಕೆಗಳಿವೆ. ಗುಜರಿ ಅಂಗಡಿಗಳ ಯಜಮಾನರು ಬಿಚ್ಚಿದ ಪ್ರತಿ ಹೌಸಿಂಗ್ ಮೇಲೆ ಬಿಳಿ ಬಣ್ಣದಲ್ಲಿ ‘43/8’, ‘39/8’ ಎಂದು ಬರೆದಿಡಲಿ. ಹತ್ತು ನಿಮಿಷದ ಕೆಲಸ. ಮಾಲು ವಾಪಸ್ ಬರುವುದು ತಪ್ಪುತ್ತದೆ, ಎಣಿಸಿ ಮಾರುವ ಅಂಗಡಿಯನ್ನು ದೂರದ ಊರಿನವರೂ ಹುಡುಕಿಕೊಂಡು ಬರುತ್ತಾರೆ. ಮೆಕ್ಯಾನಿಕ್ ಅಣ್ಣಂದಿರು ಹುಡುಗನನ್ನು ಬಿಡಿಭಾಗ ತರಲು ಕಳಿಸುವಾಗ ಚೀಟಿಯಲ್ಲಿ ಮಾಡೆಲ್ ಹೆಸರಿನ ಜೊತೆ ಹಲ್ಲಿನ ಸಂಖ್ಯೆ, ಸ್ಪ್ಲೈನ್ ಸಂಖ್ಯೆಗಳನ್ನೂ ಬರೆಯಲಿ. ಜೋಡಿಸಿದ ಮೇಲೆ ಬಿಲ್ಲಿನಲ್ಲಿ ಅದೇ ಸಂಖ್ಯೆಯನ್ನು ನಮೂದಿಸಲಿ. ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವುದನ್ನು ನೋಡದೆ ಕವರ್ ಮುಚ್ಚದಿರಲಿ.

ಜೀಪಿನ ಒಡೆಯರಿಗೆ ಇಷ್ಟೇ: ಮುಂದಿನ ಬಾರಿ ಹೌಸಿಂಗ್ ನೋಡಲು ಹೊರಡುವಾಗ ಸೀಮೆಸುಣ್ಣ, ಟಾರ್ಚ್, ಹಳೆಯ ಬಟ್ಟೆ, ಕವರ್ ಬಿಚ್ಚುವ ಸ್ಪ್ಯಾನರ್ ಜೊತೆಗಿರಲಿ, ಎಣಿಸಲು ಇನ್ನೊಬ್ಬರು ಬರಲಿ. ಎಣಿಸಲು ಬಿಡದವರ ಹತ್ತಿರ ಕೊಳ್ಳಬೇಡಿ. ತಂದು ಜೋಡಿಸಿದ ದಿನ ಮುಂದಿನ, ಹಿಂದಿನ ಎರಡೂ ಸಂಖ್ಯೆಗಳನ್ನು ಬಾನೆಟ್‌ನ ಒಳಗಡೆ ಬಣ್ಣದಲ್ಲಿ ಬರೆಸಿ, ಮೊದಲ ಕೆಲವು ನೂರು ಕಿಲೋಮೀಟರ್ ಹಗುರವಾಗಿ ಓಡಿಸಿ, ಆಮೇಲೆ ಹೌಸಿಂಗ್‌ನ ಎಣ್ಣೆ ಇಳಿಸಿ ಅದರಲ್ಲಿ ಕಬ್ಬಿಣದ ಪುಡಿ ಎಷ್ಟಿದೆ ಎಂದು ನೋಡಿ ಹೊಸದು ತುಂಬಿಸಿ.

ಇಂತಿ,
ಹಳೆಯ ಜೀಪುಗಳು ಸುರಕ್ಷಿತವಾಗಿ ಓಡಲೆಂದು ಬಯಸುವ
ನಿಮ್ಮವ